ಬಿಸಿಲು ಹಾಳಾಗಬಾರದು

ಹೋದ ವರ್ಷ ಏಪ್ರಿಲ್‌ನ ಒಂದು ಮಧ್ಯಾಹ್ನ ಅವ್ವ ನಮ್ಮ ಪುಣೆಯ ಮನೆಯ ಬಾಲ್ಕನಿಯಲ್ಲಿ ನಿಂತು ಎದುರಿನ ಕಟ್ಟಡದ ತಾರಸಿಯನ್ನೇ ನೋಡುತ್ತಿದ್ದಳು. ಅಲ್ಲಿ ನಾಲ್ಕು ನೀರಿನ ಟ್ಯಾಂಕು, ಒಂದಷ್ಟು ಡಿಶ್ ಆಂಟೆನಾ ಬಿಟ್ಟರೆ ಏನೂ ಇರಲಿಲ್ಲ. ಏನು ನೋಡುತ್ತಿದ್ದೀ ಎಂದು ಕೇಳಿದೆ. “ಇಷ್ಟು ಬಿಸಲು ಸುಮ್ನ ಹಾಳಾಗಿ ಹೊಂಟೈತಲ್ಲೋ” ಅಂದಳು.

ನಾನು ನಕ್ಕೆ. ಬಿಸಿಲು ಹಾಳಾಗುವ ವಸ್ತು ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ನನ್ನ ಮಟ್ಟಿಗೆ ಅದು ಪರದೆ ಎಳೆದು ತಡೆಯಬೇಕಾದದ್ದು, ವಿದ್ಯುತ್ ಬಿಲ್ಲಿನಲ್ಲಿ ಕಾಣಿಸಿಕೊಳ್ಳುವಂಥದ್ದು. ಅಪ್ಪ ತೀರಿಕೊಂಡ ಮೇಲೆ ಗದುಗಿನ ಮನೆಗೆ ಬೀಗ ಹಾಕಿ ಅವ್ವನನ್ನು ಇಲ್ಲಿಗೆ ಕರೆತಂದು ಆಗ ಐದು ತಿಂಗಳಾಗಿತ್ತು. ಆ ಐದು ತಿಂಗಳಲ್ಲಿ ಅವಳು ತಾನಾಗಿ ಆಡಿದ ಮಾತುಗಳೇ ಕಡಿಮೆ. ಅದಕ್ಕೇ ಈ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ಈ ಪ್ರಬಂಧ ಅದರಿಂದಲೇ ಹುಟ್ಟಿದ್ದು.

ನಗರದಲ್ಲಿರುವ ನಮ್ಮಂಥವರು ಬೇಸಿಗೆಯನ್ನು ಮನೆಯಿಂದ ಓಡಿಸಿಬಿಟ್ಟಿದ್ದೇವೆ ಎಂಬುದು ನನ್ನ ವಾದ. ಒಂದೋ ನಾವು ಅದರಿಂದ ಓಡಿಹೋಗುತ್ತೇವೆ, ಮನಾಲಿಗೋ ಮಹಾಬಳೇಶ್ವರಕ್ಕೋ. ಇಲ್ಲವೇ ಮಕ್ಕಳನ್ನು ಶಿಬಿರಗಳಿಗೆ ಕಳಿಸುತ್ತೇವೆ. ಎರಡೂ ಆಗದವರು ಈ ವರ್ಷ ಎಲ್ಲೂ ಹೋಗಲಿಲ್ಲ ಎಂದು ತಪ್ಪು ಮಾಡಿದವರಂತೆ ಹೇಳಿಕೊಳ್ಳುತ್ತಾರೆ. ಮನೆಯಲ್ಲಿ ಕಳೆದ ಬೇಸಿಗೆ ಎಂದರೆ ದುಡ್ಡಿಲ್ಲದವರ ಬೇಸಿಗೆ ಎಂದಾಗಿದೆ. ಹೋದ ವರ್ಷ ಅವ್ವನ ಅನಾರೋಗ್ಯ ಮತ್ತು ನನ್ನ ರಜೆಯ ತೊಂದರೆಯಿಂದ ನಾವೂ ಎಲ್ಲಿಗೂ ಹೋಗಲಿಲ್ಲ. ಆ ಎರಡು ತಿಂಗಳು ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿದ್ದವು.

ಮೊದಲು ತಾರಸಿಯ ವಿಷಯ. ನಮ್ಮ ಸೊಸೈಟಿಯ ತಾರಸಿಗೆ ಬೀಗ. ಕೀಲಿ ಕಾವಲುಗಾರನ ಬಳಿ ಇರುತ್ತದೆ, ಟ್ಯಾಂಕ್ ತೊಳೆಯುವವರಿಗೂ ಕೇಬಲ್‌ನವರಿಗೂ ಮಾತ್ರ ಸಿಗುತ್ತದೆ. ಕಾರ್ಯದರ್ಶಿಯವರನ್ನು ಕೇಳಿದರೆ ಅವರ ಬಳಿ ಕಾರಣಗಳಿದ್ದವು, ಅವು ಸುಳ್ಳು ಕಾರಣಗಳೂ ಅಲ್ಲ. ಹಿಂದೊಮ್ಮೆ ಯಾರೋ ಕುಂಡಗಳನ್ನು ನೆಲದ ಮೇಲೇ ಇಟ್ಟು ನೀರು ಇಳಿದು ಮೇಲಿನ ಮಹಡಿಯ ಮನೆಯ ಚಾವಣಿ ಸೋರಿತ್ತು. ಹುಡುಗರು ರಾತ್ರಿ ಹತ್ತಿ ಬಾಟಲಿ ಬಿಟ್ಟು ಹೋಗಿದ್ದರು. ಕಟಾಂಜನ ಗಿಡ್ಡದು, ಮಕ್ಕಳು ಬಿದ್ದರೆ ಯಾರು ಹೊಣೆ? ಎಲ್ಲ ಸರಿ. ಆದರೆ ಇಷ್ಟಕ್ಕೆಲ್ಲ ಒಂದೇ ಉತ್ತರ ಬೀಗ ಎಂಬುದು ಸರಿಯಲ್ಲ. ಪಾರ್ಕಿಂಗ್‌ನಲ್ಲಿ ದಿನವೂ ಜಗಳವಾಗುತ್ತದೆ, ಅದಕ್ಕೆ ಯಾರೂ ಬೀಗ ಹಾಕಿಲ್ಲ.

ಸೊಸೈಟಿಯ ಸಭೆಯಲ್ಲಿ ನಾನು ಒಂದು ಹಳೆಯ ಸಂಗತಿ ನೆನಪಿಸಿದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವ್‌ನ ಒಂದು ಕಟ್ಟಡದ ತಾರಸಿಯ ಮೇಲೆ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಅದೇ ಮುಂದೆ ಲಿಜ್ಜತ್ ಆಯಿತು. ಆ ದಿನ ಆ ತಾರಸಿಗೆ ಬೀಗವಿದ್ದಿದ್ದರೆ? ಸಭೆಯಲ್ಲಿ ನಗೆಯೆದ್ದಿತು. ನನ್ನ ಪರವಾಗಿ ಮಾತಾಡಿದವರು ಎರಡನೇ ಮಹಡಿಯ ಮರಾಠಿ ಕಾಕು. ಅವರು ಹನ್ನೊಂದು ವರ್ಷದಿಂದ ಕುರಡಯಿಯನ್ನು ಅಂಗಡಿಯಿಂದ ಕೊಳ್ಳುತ್ತಿದ್ದಾರಂತೆ, ಒಂದು ವರ್ಷವೂ ರುಚಿಸಿಲ್ಲವಂತೆ. ಕೊನೆಗೆ ತೀರ್ಮಾನವಾಯಿತು: ಬೇಸಿಗೆಯ ಎರಡು ತಿಂಗಳು, ಬೆಳಿಗ್ಗೆ 7ರಿಂದ 11, ಸಂಜೆ ಒಂದು ಗಂಟೆ. ಹತ್ತುವವರು ವಹಿಯಲ್ಲಿ ಸಹಿ ಹಾಕಬೇಕು. ಮಕ್ಕಳ ಜೊತೆ ದೊಡ್ಡವರು ಇರಬೇಕು. ಕುಂಡ ಇಡುವಂತಿಲ್ಲ.

ಕುರಡಯಿ ಎಂದರೆ ನಮ್ಮ ಕುರಡಿಗೆ. ಗೋದಿಯನ್ನು ಮೂರು ದಿನ, ದಿನಕ್ಕೊಮ್ಮೆ ನೀರು ಬದಲಿಸಿ ನೆನೆಹಾಕಬೇಕು. ನಾಲ್ಕನೇ ದಿನ ರುಬ್ಬಿ, ಹಾಲು ಸೋಸಿ, ರಾತ್ರಿಯಿಡೀ ತಳಕ್ಕಿಳಿಯಲು ಬಿಡಬೇಕು. ಬೆಳಿಗ್ಗೆ ಮೇಲಿನ ನೀರು ಚೆಲ್ಲಿ, ಉಪ್ಪು ಇಂಗು ಹಾಕಿ, ಗಂಟಾಗದ ಹಾಗೆ ಕುದಿಸಿ, ಬಿಸಿ ಇರುವಾಗಲೇ ಒತ್ತಬೇಕು. ಇದನ್ನು ಅವ್ವ ಕನ್ನಡದಲ್ಲಿ ಹೇಳಿದಳು, ಕಾಕು ಮರಾಠಿಯಲ್ಲಿ ತಲೆಯಾಡಿಸಿದರು. ಇಬ್ಬರಿಗೂ ಭಾಷಾಂತರಕಾರ ಬೇಕಾಗಲಿಲ್ಲ. ಗೊಂದಲವಾದದ್ದು ಒಂದೇ ಕಡೆ. ನನ್ನ ಮಗಳು ಅಜ್ಜಿಯನ್ನು ನಮ್ಮ ಕಡೆಯ ವಾಡಿಕೆಯಂತೆ ‘ಆಯಿ’ ಎಂದು ಕರೆಯುತ್ತಾಳೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಎಪ್ಪತ್ತೊಂದರ ಹೆಂಗಸಿಗೆ ಹತ್ತು ವರ್ಷದ ಮಗಳೇ ಎಂದು ಕಾಕು ಎರಡು ದಿನ ಕೇಳಲಾರದೆ ಒದ್ದಾಡಿದ್ದರಂತೆ.

ಈ ಮಾತು ಪುಣೆಗಷ್ಟೇ ಸೇರಿದ್ದಲ್ಲ. ಚೆನ್ನೈಯಲ್ಲಿ ನೀವಿದ್ದರೆ ಪಕ್ಕದ ಮನೆಯವರು ವಡಾಂ ಹಾಕುತ್ತಿರುತ್ತಾರೆ, ಹೈದರಾಬಾದಿನಲ್ಲಿ ವಡಿಯಾಲು. ಹೈದರಾಬಾದಿನವರಿಗೆ ಮೇ ತಿಂಗಳ ಆವಕಾಯಿ ಬೇರೆ. ಮುಂಬಯಿಯವರು ಮಾತ್ರ ಬೇಗ ಏಳಬೇಕು, ಮೇ ಹೊತ್ತಿಗೆ ಅಲ್ಲಿನ ಗಾಳಿಯಲ್ಲಿ ತೇವ ಹೆಚ್ಚಿ ಸಂಡಿಗೆ ಒಣಗುವ ಬದಲು ಹುಳಿಯಾಗುತ್ತದೆ. ದಿಲ್ಲಿಯವರಿಗೆ ಬಿಸಿಲಿನ ಚಿಂತೆಯಿಲ್ಲ, ಲೂ ಗಾಳಿ ಹೊತ್ತು ತರುವ ಧೂಳಿನದೇ ಚಿಂತೆ. ಹಳೆಯ ತೆಳು ಸೀರೆ ಹೊದಿಸಿದರೆ ಧೂಳಿನ ಕಾಟ ಅರ್ಧ ತಪ್ಪುತ್ತದೆ. ಹೊರನಾಡಿನಲ್ಲಿ ನೆರೆಯವರ ಜೊತೆ ಮಾತು ಬೆಳೆಸಲು ಸಂಡಿಗೆಯಷ್ಟು ಸುಲಭದ ದಾರಿ ನನಗೆ ಬೇರೆ ಕಂಡಿಲ್ಲ. ಹದಿನಾಲ್ಕು ವರ್ಷ ಈ ಕಟ್ಟಡದಲ್ಲಿದ್ದರೂ ಕಾಕು ಅವರ ಮನೆಯೊಳಗೆ ನಾನು ಕಾಲಿಟ್ಟದ್ದು ಹೋದ ಬೇಸಿಗೆಯಲ್ಲೇ.

ಇಲ್ಲಿಯವರೆಗೆ ಓದಿದ ಕೆಲವರಿಗೆ, ಮುಖ್ಯವಾಗಿ ಹೆಂಗಸರಿಗೆ, ಸಿಟ್ಟು ಬಂದಿರಬಹುದು. ಬರಬೇಕು ಕೂಡ. ಬಾಲ್ಯದ ಬೇಸಿಗೆಯ ಬಗ್ಗೆ ಬರೆಯುವ ಗಂಡಸರೆಲ್ಲ ಮಾಳಿಗೆಯ ಮೇಲೆ ಕಾಗೆ ಓಡಿಸಿದ್ದು, ಹಸಿ ಸಂಡಿಗೆ ಹಿಟ್ಟು ಕದ್ದು ತಿಂದದ್ದು ಬರೆಯುತ್ತಾರೆ. ನಾನೂ ಅದನ್ನೇ ಅವ್ವನ ಎದುರು ಕೊಚ್ಚಿಕೊಳ್ಳುತ್ತಿದ್ದೆ. ಅವಳು ಕೈಯೊಳಗಿನ ಕೆಲಸ ಬಿಡದೆ ಹೇಳಿದಳು: “ಅದು ನಿಮಗ ಸೂಟಿ. ನಮಗ ಬ್ಯಾಸಗಿ.”

ಅವಳ ಬೇಸಿಗೆ ಹೀಗಿತ್ತು. ನಸುಕಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚುವುದು, ಕೊಪ್ಪರಿಗೆಯಷ್ಟು ಹಿಟ್ಟು ಕುದಿಸುವುದು, ಬಿಸಿ ಹಿಟ್ಟನ್ನು ಒತ್ತಿ ಒತ್ತಿ ಅಂಗೈ ಬೊಬ್ಬೆ ಬರಿಸಿಕೊಳ್ಳುವುದು. ಆಮೇಲೆ ಹನ್ನೆರಡು ಜನರ ಅಡುಗೆ, ಸೂಟಿಗೆ ಬಂದ ನಾದಿನಿಯರ ಮಕ್ಕಳ ಸ್ನಾನ. ನಾವು ಬೇವಿನ ಮರದ ಕೆಳಗೆ ಆಡುವಾಗ ಅವಳು ಒಂದು ಬೇಸಿಗೆಯಲ್ಲೂ ಆ ನೆರಳಿನಲ್ಲಿ ಕೂತ ನೆನಪು ನನಗಿಲ್ಲ. ಆದ್ದರಿಂದ ಹಳೆಯ ಬೇಸಿಗೆಯನ್ನು ಹಾಗೆಯೇ ವಾಪಸು ತರೋಣ ಎಂದು ನಾನು ಹೇಳುತ್ತಿಲ್ಲ. ಹಾಗೆ ತಂದರೆ ಅದು ಮತ್ತೆ ಯಾರದೋ ಬೆನ್ನ ಮೇಲೆಯೇ ಬರುತ್ತದೆ. ನಮ್ಮ ಮನೆಯಲ್ಲಿ ಮಾಡಿಕೊಂಡ ಒಪ್ಪಂದ ಇಷ್ಟು: ಭಾನುವಾರ ಮಾತ್ರ, ಒಂದು ಕಿಲೋ ಮಾತ್ರ, ಕುದಿಸುವುದು ಮತ್ತು ಒತ್ತುವುದು ನನ್ನ ಕೆಲಸ, ಪಾತ್ರೆ ತೊಳೆಯುವುದೂ ನನ್ನದೇ. ಹೆಂಡತಿ ಆ ಹೊತ್ತಿಗೆ ಪೇಪರು ಓದಬಹುದು. ಅವ್ವ ಕುರ್ಚಿಯಲ್ಲಿ ಕೂತು ಹದ ಹೇಳಬಹುದು. ಮೊದಲ ಭಾನುವಾರ ನಾನು ಒತ್ತಿದ ಕುರಡಿಗೆ ಚದುರಿದ ಹುಲ್ಲಿನ ಹಾಗಿತ್ತು. ನಾಲ್ಕನೆಯ ಭಾನುವಾರಕ್ಕೆ ಗುಂಡಗಾಯಿತು. ಮತ್ತು ಮೊದಲ ದಿನವೇ ನನಗೆ ತಿಳಿಯಿತು, ಆ ಒರಳು ತಿರುಗಿಸಲು ಎಷ್ಟು ರಟ್ಟೆ ಬೇಕು ಎಂದು.

ಗಿಡಗಳ ವಿಷಯದಲ್ಲಿ ನನ್ನ ಮೂರ್ಖತನ ಇನ್ನೂ ಹೆಚ್ಚು. ಬಾಲ್ಕನಿ ತೋಟ ಎಂದ ಕೂಡಲೇ ನಾನು ಮೊಬೈಲ್ ತೆಗೆದು 1,499 ರೂಪಾಯಿಯ ಒಂದು ಕಿಟ್ ತರಿಸಿದ್ದೆ. ಅದರಲ್ಲಿ ಅಂದದ ಕುಂಡ, ತೆಂಗಿನ ನಾರಿನ ಇಟ್ಟಿಗೆ, ಚೆರ್ರಿ ಟೊಮೆಟೊ ಬೀಜ, ಗಿಡದ ಹೆಸರು ಬರೆಯಲು ಮರದ ಕಡ್ಡಿ. ಗಿಡ ಬಂತು, ಹೂವೂ ಬಂತು, ಒಂದು ಕಾಯಿಯೂ ನಿಲ್ಲಲಿಲ್ಲ. ಹಗಲಿನ ತಾಪ 35 ಡಿಗ್ರಿ ದಾಟಿದರೆ ಟೊಮೆಟೊ ಹೂವು ಕಾಯಿಕಟ್ಟದೆ ಉದುರುತ್ತದೆ. ಪುಣೆಯ ಏಪ್ರಿಲ್ ಅದನ್ನು ಸುಲಭವಾಗಿ ದಾಟುತ್ತದೆ. ಕಾಲಕ್ಕೆ ಒಗ್ಗುವುದನ್ನು ಬಿಟ್ಟು ಚಿತ್ರಕ್ಕೆ ಒಗ್ಗುವುದನ್ನು ಬೆಳೆಯಹೊರಟರೆ ಹೀಗೇ.

ಅವ್ವ ಅದೇ ಕುಂಡದಲ್ಲಿ ರಾಜಗಿರಿ ಬೀಜ ಚೆಲ್ಲಿದಳು. ಕರಾವಳಿಯವರು ಇದನ್ನು ಹರಿವೆ ಎನ್ನುತ್ತಾರೆ. ಬೇಸಿಗೆಯಲ್ಲಿ ಅದಕ್ಕೆ ಸಂಕೋಚವಿಲ್ಲ, ತಿಂಗಳೊಳಗೆ ಪಲ್ಯಕ್ಕೆ ಬಂತು. ಬಸಳೆಯ ಒಂದು ತುಂಡು ದಂಟು ಮಣ್ಣಿಗೆ ಊರಿದರೆ ಸರಳಿಗೆ ಹಬ್ಬಿತು. ಪೇಟೆಯಿಂದ ತಂದ ಪುದೀನದ ಕಟ್ಟಿನಲ್ಲಿ ಎಲೆ ಬಿಡಿಸಿದ ಮೇಲೆ ಉಳಿಯುವ ಕಡ್ಡಿಯೇ ಸಸಿ. ಕೊತ್ತಂಬರಿಯ ಗೋಜಿಗೆ ಅವಳು ಹೋಗಲಿಲ್ಲ, ಈ ಸೆಕೆಗೆ ಅದು ಎಲೆ ಬಿಡುವ ಮೊದಲೇ ಹೂ ಬಿಡುತ್ತದೆ ಎಂದಳು.

ನೀರಿನದು ಬೇರೆಯೇ ಲೆಕ್ಕ. ಬೇಸಿಗೆಯಲ್ಲಿ ಖಡಕ್‌ವಾಸ್ಲಾ ಜಲಾಶಯದ ಮಟ್ಟ ಇಳಿದರೆ ನಮ್ಮ ನಲ್ಲಿಯೂ ಇಳಿಯುತ್ತದೆ. ಟ್ಯಾಂಕರ್ ತರಿಸಿ ಗಿಡಕ್ಕೆ ಸುರಿಯುವುದು ತೋಟವಲ್ಲ, ದೌಲತ್ತು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ದಿನಕ್ಕೆ ಮೂರು ನಾಲ್ಕು ಚೊಂಬು ಸಿಗುತ್ತದೆ, ಹತ್ತು ಕುಂಡಕ್ಕೆ ಅಷ್ಟು ಸಾಕು. ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿನಂಶ ಇರುವುದಿಲ್ಲ, ಅದೂ ಆಗುತ್ತದೆ. ಪುಣೆಯ ಒಣಹವೆಯಲ್ಲಿ ಅದು ಕಡಿಮೆ, ಮುಂಬಯಿ ಚೆನ್ನೈಯವರಿಗೆ ಬಕೆಟ್ಟೇ ತುಂಬೀತು. ಆದರೆ ನೀರು ಶುದ್ಧಮಾಡುವ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಕುಂಡಕ್ಕೆ ಹಾಕಬೇಡಿ. ಲವಣವೆಲ್ಲ ಅದರಲ್ಲೇ ಸೇರಿರುತ್ತದೆ. ಅದು ನೆಲ ಒರೆಸಲು ಸರಿ. ದೊಡ್ಡ ಕುಂಡಗಳ ನಡುವೆ ಬಾಯಿ ಮಾತ್ರ ಮೇಲಿರುವಂತೆ ಸಣ್ಣ ಮಣ್ಣಿನ ಕುಡಿಕೆ ಹೂತು ನೀರು ತುಂಬಿ ಮುಚ್ಚಳ ಹಾಕಿದರೆ, ಅದು ಮೆಲ್ಲಗೆ ಒಸರಿ ಬೇರಿಗೆ ಮುಟ್ಟುತ್ತದೆ. ಮೇಲೆ ಒಣ ಎಲೆಯ ಹೊದಿಕೆ. ನಮ್ಮ ರಸ್ತೆಯಲ್ಲಿ ದಿನವೂ ಗುಡಿಸಿ ಸುಡುವ ಎಲೆಯಲ್ಲಿ ಒಂದು ಚೀಲ ಕೇಳಿ ಪಡೆದೆವು. ಮುಂಬಯಿ ಪೋರ್ಟ್ ಟ್ರಸ್ಟ್‌ನ ಅಡುಗೆಮನೆಯ ತಾರಸಿಯ ಮೇಲೆ ಅಲ್ಲಿನ ಅಡುಗೆ ಕಸದಿಂದಲೇ ಹಣ್ಣು ತರಕಾರಿಯ ತೋಟವನ್ನೇ ಎಬ್ಬಿಸಿದ್ದರು. ನಮ್ಮದು ಹತ್ತು ಕುಂಡ, ಅಷ್ಟೇ. ಇದರಿಂದ ತರಕಾರಿಯ ಖರ್ಚು ಉಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ವಾರಕ್ಕೊಮ್ಮೆ ಪಲ್ಯವಾಗುತ್ತದೆ, ಮತ್ತು ಮನೆಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್ ಬಿಟ್ಟು ಬೇರೇನನ್ನೋ ನೋಡುವವರು ಮೂವರಾಗಿದ್ದಾರೆ.

ನೋಡಲು ಶುರುಮಾಡಿದ ಮೇಲೆ ಬೇರೆಯವೂ ಕಂಡವು. ಎದುರಿನ ಅರಳಿಮರದಿಂದ ದಿನವಿಡೀ ಟುಕ್ ಟುಕ್ ಎಂದು ಸದ್ದು ಬರುತ್ತಿತ್ತು. ಕಟ್ಟಡದ ಕೆಲಸದ ಸದ್ದು ಎಂದೇ ಎಷ್ಟೋ ವರ್ಷ ತಿಳಿದಿದ್ದೆ. ಅದು ಅಂಗೈಯಗಲದ ಹಸಿರು ಹಕ್ಕಿ, ಹಣೆ ಮತ್ತು ಎದೆಯಲ್ಲಿ ಕೆಂಪು, ನಮ್ಮ ಕಂಚುಗಾರ ಹಕ್ಕಿ. ಮರಾಠಿಯಲ್ಲಿ ತಾಂಬಟ್. ಪುಣೆಯ ಕಸಬಾ ಪೇಟೆಯಲ್ಲಿ ತಾಂಬಟ್ ಆಳಿ ಎಂಬ ಓಣಿಯಿದೆ, ತಾಮ್ರದ ಹಂಡೆ ಕೊಡ ಬಡಿಯುವ ಕುಶಲಕರ್ಮಿಗಳ ಓಣಿ. ಮಗಳನ್ನು ಒಂದು ಶನಿವಾರ ಅಲ್ಲಿಗೆ ಕರೆದೊಯ್ದೆ. ಬಡಿತ ಕೇಳಿ, “ಹಕ್ಕಿ ಇವರನ್ನು ನೋಡಿ ಕಲಿತಿತೋ, ಇವರು ಹಕ್ಕಿಯನ್ನೋ?” ಎಂದಳು. ಬಸ್ಸಿನ ಟಿಕೆಟ್ಟಿಗಿಂತ ಹೆಚ್ಚು ಖರ್ಚಾಗಲಿಲ್ಲ.

ಮೇ ಮೊದಲ ವಾರ ಬಸಳೆಯ ಹಂಬಿನ ನಡುವೆ ಪಿಕಳಾರದ ಜೋಡಿ ಗೂಡು ಕಟ್ಟಿತು. ಮೂರು ಮೊಟ್ಟೆ, ಗುಲಾಬಿ ಛಾಯೆಯ ಮೇಲೆ ಕೆಂಗಂದು ಚುಕ್ಕೆ. ಎರಡು ವಾರ ಕಾವು, ಇನ್ನೆರಡು ವಾರ ಮರಿಗಳ ಆರೈಕೆ. ಅಷ್ಟು ದಿನ ಆ ಬದಿಯ ಬಾಲ್ಕನಿಗೆ ಯಾರೂ ಹೋಗಬಾರದು ಎಂದು ಮಗಳೇ ಕಟ್ಟಳೆ ಮಾಡಿದಳು, ಬಟ್ಟೆ ಒಣಹಾಕುವ ಜಾಗ ಬದಲಾಯಿತು. ಎರಡು ಮರಿ ಹಾರಿದವು, ಒಂದನ್ನು ಕಾಗೆ ಒಯ್ದಿತು. ಅವಳು ಅತ್ತಳು. ಆ ಕಾಗೆಯ ಗೂಡಿನಲ್ಲಿ ಬಹುಶಃ ಕೋಗಿಲೆಯ ಮರಿ ಬೆಳೆಯುತ್ತಿದೆ ಎಂದು ಅವ್ವ ಹೇಳಿದ್ದಕ್ಕೆ ಸಮಾಧಾನವೇನೂ ಆಗಲಿಲ್ಲ. ಆದರೆ ಆ ಮಾತು ತಲೆಯಲ್ಲಿ ಉಳಿದು, ಕಪಾಟಿನಲ್ಲಿದ್ದ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಮೇಜಿನ ಮೇಲೆ ಬಂತು. ಕನ್ನಡ ಓದಲು ತಡವರಿಸುವ ಹುಡುಗಿ ಕೋಗಿಲೆಯ ಪುಟವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕನ್ನಡ ಕಲಿ ಎಂದು ನಾನು ಮೂರು ವರ್ಷ ಹೇಳಿದ್ದು ಮಾಡದ ಕೆಲಸ ಅದು.

ಇಲ್ಲೊಂದು ಎಚ್ಚರಿಕೆ. ಬೇಸಿಗೆಯಲ್ಲಿ ಹಕ್ಕಿಗೆ ನೀರಿಡಿ, ಕಾಳು ಬೇಡ. ಕಾಳು ಹಾಕಿದರೆ ಬರುವುದು ಪಾರಿವಾಳ, ಹಿಂಡುಹಿಂಡಾಗಿ. ಅವುಗಳ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. 2025ರಲ್ಲಿ ಮುಂಬಯಿಯ ದಾದರ್ ಕಬೂತರ್‌ಖಾನೆ ಮುಚ್ಚಿದಾಗ ಎದ್ದ ಗಲಾಟೆ ನಿಮಗೆ ನೆನಪಿರಬಹುದು. ನೀರಿನ ತಟ್ಟೆಯನ್ನೂ ಎರಡು ದಿನಕ್ಕೊಮ್ಮೆ ಉಜ್ಜಿ ತೊಳೆಯಿರಿ. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರದಿಂದ ಹತ್ತು ದಿನ ಸಾಕು.

ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಕಾಲಿಡುವ ಹಾಗಿಲ್ಲ. ಆ ಹೊತ್ತು ಕೌದಿಯದು. ಅವ್ವ ಗದುಗಿನಿಂದ ತಂದ ಟ್ರಂಕಿನಲ್ಲಿ ಹಳೆಯ ಸೀರೆಗಳ ಕೆಳಗೆ ಅಪ್ಪನ ಏಳು ಧೋತರಗಳಿದ್ದವು. ಯಾರಿಗಾದರೂ ಕೊಡೋಣ ಎಂದು ನಾನು ಎರಡು ಬಾರಿ ಕೇಳಿದ್ದೆ, ಉತ್ತರ ಬಂದಿರಲಿಲ್ಲ. ಒಂದು ಮಧ್ಯಾಹ್ನ ಅವಳೇ ಅವನ್ನು ತೆಗೆದು ಹಾಸಿದಳು. ಧೋತರ ಒಳಗಿನ ಪದರಕ್ಕೆ, ಸೀರೆಯ ತುಂಡುಗಳು ಮೇಲಕ್ಕೆ. ಮಗಳು ಬಣ್ಣ ಆರಿಸಿದಳು. ಸೂಜಿಗೆ ದಾರ ಪೋಣಿಸುವುದೂ ಅವಳದೇ ಕೆಲಸ, ಆಯಿಗೆ ಕಣ್ಣು ಮಂಜು. ಪೋಣಿಸಿದವಳು ನಾಲ್ಕು ಹೊಲಿಗೆ ಹಾಕಿಯೇ ಸೂಜಿ ಕೊಡಬೇಕು ಎಂಬುದು ಶರತ್ತು. ಹೊಲಿಯುವಾಗ ಅವ್ವ ಮಾತಾಡತೊಡಗಿದಳು. ಈ ಹಸಿರು ಸೀರೆ ನಿಮ್ಮಪ್ಪನ ಮೊದಲ ಪಗಾರದ್ದು, ಇದು ಅತ್ತೆ ಬೈದು ಕೊಡಿಸಿದ್ದು, ಇದನ್ನು ಉಟ್ಟೇ ನಿನ್ನನ್ನು ಸಾಲೆಗೆ ಸೇರಿಸಿದ್ದು. ಐದು ತಿಂಗಳ ಮೌನ ಮುರಿದದ್ದು ವೈದ್ಯರಿಂದಲ್ಲ, ನನ್ನ ಸಮಾಧಾನದ ಮಾತುಗಳಿಂದಂತೂ ಅಲ್ಲ.

ಮಹಾರಾಷ್ಟ್ರದ ಗೋಧಡಿಯೂ ನಮ್ಮ ಕೌದಿಯೂ ಅಕ್ಕತಂಗಿಯರು. ಯಲ್ಲಾಪುರ ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕವಂದಿ ಮತ್ತೊಬ್ಬ ತಂಗಿ. ಅವರು ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ‘ಫುಲಾ’ ಎಂದು ಬಟ್ಟೆಯ ಹೂವಿಡುತ್ತಾರೆ. ಇಂಥ ಕವಂದಿಗಳು ಅಮೆರಿಕದಲ್ಲೂ ಪ್ರದರ್ಶನ ಕಂಡಿವೆ. ಇದೆಲ್ಲ ಹುಟ್ಟಿದ್ದು ಬಟ್ಟೆ ಬಿಸಾಡಲು ಆಗದ ಬಡತನದಲ್ಲಿ. ಈಗ ಇದೇ ಹೆಸರಿನಲ್ಲಿ ಹೊಚ್ಚ ಹೊಸ ಬಟ್ಟೆಯನ್ನು ತುಂಡುಮಾಡಿ ಮಾರುವ ಕಿಟ್‌ಗಳಿವೆ. ಮಿತವ್ಯಯವನ್ನೂ ದುಡ್ಡು ಕೊಟ್ಟು ಕೊಳ್ಳುವ ಕಾಲ ಬಂದಿದೆ. ನನ್ನ ಟೊಮೆಟೊ ಕಿಟ್ ಕೂಡ ಅದೇ ಜಾತಿಯದು. ಕೈಕೆಲಸಕ್ಕೆ ಕೂರುವ ಮೊದಲು ಅಂಗಡಿಗೆ ಹೋಗಬೇಕಾಗಿ ಬಂದರೆ ಎಲ್ಲೋ ದಾರಿ ತಪ್ಪಿದೆ ಎಂದೇ ಅರ್ಥ.

ಆಕ್ಷೇಪಗಳಿವೆ. ಇಬ್ಬರೂ ದುಡಿಯುವ ಮನೆಯಲ್ಲಿ ಶಿಬಿರ ಎಂದರೆ ಷೋಕಿಯಲ್ಲ, ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ. ಒಪ್ಪುತ್ತೇನೆ. ನಮಗೆ ಅವ್ವ ಇದ್ದಳು, ಎಲ್ಲರಿಗೂ ಇರುವುದಿಲ್ಲ. ಹಾಗೆಂದು ಅಜ್ಜಿಯರನ್ನು ಸಂಬಳವಿಲ್ಲದ ಶಿಬಿರವಾಗಿಸುವುದೂ ಸರಿಯಲ್ಲ. ನಮ್ಮ ಮಹಡಿಯ ಮೂರು ಮನೆಯವರು ಸರದಿಯ ಮೇಲೆ ಒಂದೊಂದು ದಿನ ರಜೆ ಹಾಕಿಯೋ ಮನೆಯಿಂದ ಕೆಲಸ ಮಾಡಿಯೋ ಐದು ಮಕ್ಕಳನ್ನು ನೋಡಿಕೊಂಡೆವು. ಪೂರ್ತಿ ಹೊಂದಲಿಲ್ಲ, ಎರಡು ವಾರ ಶಿಬಿರಕ್ಕೂ ಕಳಿಸಿದೆವು. ಇನ್ನು ಬಿಸಿಲು ಈಗ ಹಿಂದಿನಂತಿಲ್ಲ, ನಿಜ. ಬಯಲು ಸೀಮೆಯಲ್ಲಿ ತಾಪ 40 ಡಿಗ್ರಿ ಮುಟ್ಟಿ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಏರಿದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎನ್ನುತ್ತದೆ. ಅಂಥ ದಿನ ತಾರಸಿಯೂ ಬೇಡ, ಸಂಡಿಗೆಯೂ ಬೇಡ. ಬಾಲ್ಕನಿಯೇ ಇಲ್ಲದ ಚಾಳಿನ ಕೋಣೆಯಲ್ಲಿರುವವರಿಗೆ ಈ ಮಾತೆಲ್ಲ ಹೊಟ್ಟೆ ತುಂಬಿದವರದ್ದು ಎನಿಸಬಹುದು. ಅವರಿಗಾಗಿಯೇ ತಾರಸಿಯ ಬೀಗದ ಬಗ್ಗೆ ಇಷ್ಟು ಬರೆದೆ. ಸ್ವಂತ ಅಂಗಳ ಇಲ್ಲದವರಿಗೆ ಎಲ್ಲರ ಅಂಗಳವೇ ಅಂಗಳ. ಅದನ್ನು ಕೇಳಿ ಪಡೆಯಬೇಕು, ಪಡೆದ ಮೇಲೆ ಗುಡಿಸಿ ಕೊಡಬೇಕು.

ಎಲ್ಲೂ ಹೋಗದಿದ್ದರೆ ಮಕ್ಕಳು ಬೇಜಾರು ಎನ್ನುತ್ತಾರೆ. ನಮ್ಮವಳೂ ಮೊದಲ ಹತ್ತು ದಿನ ಅಂದಳು. ಹನ್ನೊಂದನೇ ದಿನ ಗೂಡು ಕಂಡಳು. ಆ ಹತ್ತು ದಿನ ನಾವು ಗಾಬರಿಯಾಗಿ ಏನಾದರೂ ವ್ಯವಸ್ಥೆ ಮಾಡಿದ್ದರೆ ಅದು ಕಾಣುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಕೌದಿ ಹೋದ ವರ್ಷ ಮುಗಿಯಲಿಲ್ಲ, ಮಳೆ ಬಂತು, ಶಾಲೆ ಶುರುವಾಯಿತು. ಮಡಚಿ ಟ್ರಂಕಿನ ಮೇಲೆ ಇಟ್ಟಿದ್ದೇವೆ, ಸೂಜಿ ಅದರಲ್ಲೇ ಚುಚ್ಚಿಕೊಂಡಿದೆ. ಇನ್ನೂ ಎರಡು ಮೊಳ ಬಾಕಿ. ಮೊನ್ನೆ ಅವ್ವ ಗೋದಿ ಎಷ್ಟು ತರಿಸಿದ್ದೀ ಎಂದು ಕೇಳಿದಳು. ಒಂದು ಕಿಲೋ ಎಂದೆ. “ಎರಡು ತರಸು. ಕಾಕುಗೂ ಬೇಕಂತ” ಅಂದಳು. ಒತ್ತುವವನು ನಾನೇ ಎಂಬುದನ್ನು ಅವಳು ಮರೆತಿಲ್ಲ.

ತಾರಸಿಯ ಕೀಲಿಗಾಗಿ ಈ ಸಲವೂ ಅರ್ಜಿ ಕೊಟ್ಟಿದ್ದೇನೆ. ನಿಮ್ಮ ಕಟ್ಟಡದ ತಾರಸಿಗೆ ಬೀಗವಿದೆಯೇ? ಇದ್ದರೆ, ಈ ವಾರವೇ ಒಮ್ಮೆ ಕೇಳಿ ನೋಡಿ.